ಬೆಚ್ಚಗಿನ ಧಾನ್ಯ–ತರಕಾರಿ ಸಲಾಡ್ ಕೈಕೊಟ್ಟರೆ: ತಪ್ಪು ಎಲ್ಲಿದೆ, ಸರಿಮಾಡುವುದು ಹೇಗೆ

ಈ ಸಲಾಡ್ ಕೆಟ್ಟಿತು ಅನ್ನಿಸಿದಾಗ ಕೈ ಮೊದಲು ಹೋಗುವುದು ಉಪ್ಪಿನ ಡಬ್ಬಿಗೆ. ಆಮೇಲೆ ನಿಂಬೆಹಣ್ಣಿಗೆ, ಆಮೇಲೆ ಇನ್ನೊಂದಿಷ್ಟು ಎಣ್ಣೆಗೆ. ಮೂರನ್ನೂ ಹಾಕಿದ ಮೇಲೂ ರುಚಿ ಸರಿಹೋಗದಿದ್ದರೆ ಕಷ್ಟ. ಮೊದಲೇ ಇದ್ದ ತಪ್ಪು ಯಾವುದು, ಈಗ ನಾವಾಗಿ ಸೇರಿಸಿದ ತಪ್ಪು ಯಾವುದು ಅಂತ ಬಿಡಿಸಲು ಆಗುವುದಿಲ್ಲ.

ಹೆಸರಿಗೆ ಒಂದೇ ತಿನಿಸು, ಒಳಗಿರುವುದು ಮೂರು ಅಡುಗೆ: ಬೇಯಿಸಿದ ಧಾನ್ಯ, ಜಾಸ್ತಿ ಕಾವಿನಲ್ಲಿ ರೋಸ್ಟ್ ಮಾಡಿದ ತರಕಾರಿ, ಹುಳಿ ಮತ್ತು ಎಣ್ಣೆಯ ಡ್ರೆಸ್ಸಿಂಗ್. ಮೂರೂ ಒಟ್ಟಿಗೆ ಸೇರುವುದು ಕೊನೆಯ ಐದು ನಿಮಿಷದಲ್ಲಿ. ದೋಷ ಕಾಣಿಸುವುದು ಬೋಗುಣಿಯಲ್ಲಿ, ಹುಟ್ಟಿದ್ದು ಮಾತ್ರ ಒಲೆಯ ಮೇಲೋ ಓವನ್ ಒಳಗೋ. ಬಹಳಷ್ಟು ಸಲ ಅದರ ಬುಡದಲ್ಲಿ ಇರುವುದು ನೀರು. ಹೋಗಬೇಕಾದ ಜಾಗದಿಂದ ಹೋಗಿರುವುದಿಲ್ಲ, ಇಲ್ಲವೇ ಇರಬೇಕಾದ ಜಾಗದಲ್ಲಿ ಸಾಲದಾಗಿರುತ್ತದೆ. ಕೆಳಗಿನ ಯಾವ ತೊಂದರೆ ಬಂದರೂ ಮೊದಲು ನೀರಿನ ಜಾಡು ಹಿಡಿಯಿರಿ.

ಮೊದಲು ಬಿಡಿಬಿಡಿಯಾಗಿ ತಿಂದು ನೋಡಿ

ಬೋಗುಣಿಯಿಂದ ನಾಲ್ಕು ಕಾಳು ಆರಿಸಿ. ಒಂದು ತರಕಾರಿ ಹೋಳು ತೆಗೆಯಿರಿ. ಬೋಗುಣಿಯನ್ನು ಸ್ವಲ್ಪ ವಾಲಿಸಿ, ತಳಕ್ಕೆ ಇಳಿದ ರಸವನ್ನು ಚಮಚದ ತುದಿಯಲ್ಲಿ ತೆಗೆದುಕೊಳ್ಳಿ. ಮೂರನ್ನೂ ಬೇರೆ ಬೇರೆ ತಿನ್ನಿ, ನಡುವೆ ಒಂದು ಗುಟುಕು ನೀರು ಕುಡಿಯಿರಿ.

ಕಾಳನ್ನು ಉಗುರಿನಿಂದ ಅದುಮಿ ಸೀಳಿ. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಇದ್ದರೆ ಒಳಗಿನ ಪಿಷ್ಟ ಇನ್ನೂ ಬೆಂದಿಲ್ಲ. ಸಿಪ್ಪೆ ಒಡೆದು, ಒಳಗಿನದೆಲ್ಲ ಹೊರಗೆ ಬಂದು ಬೆರಳಿಗೆ ಅಂಟಿದರೆ ಹದ ಮೀರಿದೆ. ಒಳಗೂ ಹೊರಗೂ ಒಂದೇ ಬಣ್ಣವಿದ್ದು, ಅದುಮಿದಾಗ ಸ್ವಲ್ಪ ಎದುರಿಸಿ ಆಮೇಲೆ ಬಿಟ್ಟುಕೊಟ್ಟರೆ ಧಾನ್ಯದ ಮೇಲೆ ತಪ್ಪು ಹೊರಿಸಬೇಡಿ.

ತರಕಾರಿ ಹೋಳನ್ನು ತಿರುವಿ ಹಾಕಿ ತಳ ನೋಡಿ. ಟ್ರೇಗೆ ತಾಗಿದ್ದ ಮೈ ಕಂದಾಗಿರಬೇಕು. ಎಲ್ಲ ಮೈಯೂ ಒಂದೇ ಬಣ್ಣ, ಮೇಲೊಂದು ಒದ್ದೆ ಹೊಳಪು ಇದ್ದರೆ ಅದು ರೋಸ್ಟ್ ಆಗಿಲ್ಲ, ಸುಮ್ನೆ ಬೆಂದಿದೆ.

ರಸದ ವಿಷಯದಲ್ಲಿ ಒಂದು ಮಾತು. ಡ್ರೆಸ್ಸಿಂಗ್ ಒಂದನ್ನೇ ನೆಕ್ಕಿದಾಗ ಹುಳಿ, ಉಪ್ಪು ಎರಡೂ ಕೊಂಚ ಜಾಸ್ತಿ ಆಯ್ತು ಅನ್ನಿಸಬೇಕು. ನಾಲಿಗೆಗೆ ಹಿತವಾಗಿದೆ ಅಂದರೆ ಧಾನ್ಯದ ಜೊತೆ ಸೇರಿದಾಗ ಅದರ ಸುಳಿವೇ ಇರುವುದಿಲ್ಲ.

ತರಕಾರಿ ಕಂದಾಗಿಲ್ಲ, ಮೆತ್ತಗಾಗಿದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದು. ಕಾರಣವೂ ಸರಳ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗುತ್ತದೆ. ತರಕಾರಿಯ ಮೈ ಮೇಲೆ ನೀರಿರುವ ತನಕ ಆ ಮೈಯ ಬಿಸಿ 100 ಡಿಗ್ರಿಯ ಆಚೆ ಹೋಗುವುದಿಲ್ಲ. ಓವನ್ 220 ಡಿಗ್ರಿ ತೋರಿಸುತ್ತಿದ್ದರೂ ಅಷ್ಟೇ. ಕಂದು ಬಣ್ಣ, ಆ ಹುರಿದ ಪರಿಮಳ ಕೊಡುವುದು ಮೈಲಾರ್ಡ್ ಕ್ರಿಯೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ಡ್ ಅದನ್ನು ವಿವರಿಸಿದರು. ಅದು ಜೋರಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. ಅಂದರೆ ಮೈ ಒಣಗದೆ ಬಣ್ಣ ಬರುವುದಿಲ್ಲ.

ತರಕಾರಿಯಲ್ಲಿ ನೀರು ಎಷ್ಟಿದೆ ಅನ್ನುವುದನ್ನೂ ನೋಡಿ. ಜುಕೀನಿಯಲ್ಲಿ ಸುಮಾರು 95%, ಬದನೆ ಮತ್ತು ಹೂಕೋಸಿನಲ್ಲಿ 92%ರ ಆಸುಪಾಸು, ಕ್ಯಾರೆಟ್‌ನಲ್ಲಿ 88%. ಗೆಣಸಿನಲ್ಲೇ 77%ರಷ್ಟು ಇದೆ. ಅರ್ಧ ಕಿಲೋ ಜುಕೀನಿ ಟ್ರೇಗೆ ಹಾಕಿದರೆ ಅದರಲ್ಲಿ 475 ಗ್ರಾಂ ಬರೀ ನೀರು. ಅದರಲ್ಲಿ ಒಂದು ಪಾಲಾದರೂ ಹೊರಗೆ ಹೋಗಲು ದಾರಿ ಬೇಕಲ್ವಾ?

ಆ ದಾರಿ ಮುಚ್ಚುವುದು ಮುಖ್ಯವಾಗಿ ಕಿಕ್ಕಿರಿದ ಟ್ರೇ. ಹೋಳುಗಳು ಒಂದರ ಮೇಲೊಂದು ಬಿದ್ದಿದ್ದರೆ ಕೆಳಗಿನದರ ಹಬೆ ಮೇಲಿನದನ್ನು ಬೇಯಿಸುತ್ತದೆ. 30×40 ಸೆಂ.ಮೀ. ಟ್ರೇಗೆ ಎರಡು ಸೆಂಟಿಮೀಟರ್ ಹೋಳುಗಳಾದರೆ 600–700 ಗ್ರಾಂ ಸಾಕು. ಹೋಳು ಹೋಳಿನ ನಡುವೆ ಒಂದು ಬೆರಳಿನಷ್ಟು ಜಾಗ ಕಾಣಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಟ್ರೇ ಮಾಡಿ. ಚಿಕ್ಕ ಓವನ್ ಇರುವವರು ಎರಡು ಸಲ ರೋಸ್ಟ್ ಮಾಡಬೇಕಾಗುತ್ತದೆ. ಬೇಜಾರಿನ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಟ್ರೇಯಲ್ಲಿ ಜಾಗ ಇದ್ದೂ ಬಣ್ಣ ಬರದಿದ್ದರೆ, ತೊಳೆದ ತರಕಾರಿಯನ್ನು ಒರೆಸಿದ್ದಿರಾ ನೋಡಿ. ಹೂಕೋಸು, ಬ್ರೊಕೊಲಿ, ಅಣಬೆ ಇವು ಸಂದಿಗಳಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತವೆ. ತೊಳೆದು ಜರಡಿಯಲ್ಲಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಬಣ್ಣ ಬರುವುದು ಬೇಗ. ಉಪ್ಪು ಹಾಕಿ ತುಂಬ ಹೊತ್ತು ಇಟ್ಟರೂ ಇದೇ ತೊಂದರೆ. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ಬದನೆಗೆ ಬೇಕೆಂದೇ ಉಪ್ಪು ಸವರಿ, ಅರ್ಧ ಗಂಟೆ ಬಿಟ್ಟು, ನೀರು ಹಿಂಡಿ ಒರೆಸಿದರೆ ಅದು ಬೇರೆ ಮಾತು. ಉಳಿದವಕ್ಕೆ ಉಪ್ಪು ಹಾಕುವುದು ಟ್ರೇ ಒಳಗೆ ಹೋಗುವ ಹೊತ್ತಿಗೆ.

ಇನ್ನು ಓವನ್. ಗುಂಡಿ ಹೇಳುವ ಬಿಸಿಗೂ ಒಳಗಿರುವ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಕಡಿಮೆ ಇರುವುದು ಮಾಮೂಲಿ. ದೀಪ ಆರಿದ ಕೂಡಲೇ ಟ್ರೇ ಇಟ್ಟರೆ ಗೋಡೆಗಳು ಇನ್ನೂ ಪೂರ್ತಿ ಕಾದಿರುವುದಿಲ್ಲ, ಬಾಗಿಲು ತೆರೆದ ಮರುಕ್ಷಣ ಬಿಸಿ ಬಿದ್ದುಹೋಗುತ್ತದೆ. ಇನ್ನೂ ಹತ್ತು ನಿಮಿಷ ಕಾಯಿಸಿ. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಊಹೆ ಮಾಡುವ ಕೆಲಸ ತಪ್ಪುತ್ತದೆ. ಫ್ಯಾನ್ ಇರುವ ಓವನ್‌ಗೆ 200, ಇಲ್ಲದ್ದಕ್ಕೆ 220 ಡಿಗ್ರಿ ಇಟ್ಟುಕೊಳ್ಳಿ.

ಹನ್ನೆರಡನೇ ನಿಮಿಷದ ಹೊತ್ತಿಗೆ ಒಮ್ಮೆ ಬಾಗಿಲು ತೆರೆದು ಗಮನಿಸಿ. ಮುಖಕ್ಕೆ ದಟ್ಟ ಹಬೆ ಹೊಡೆಯಿತು, ಟ್ರೇಯಲ್ಲಿ ಗುಳುಗುಳು ಕುದಿಯುವ ಸದ್ದು ಬಂತು ಅಂದರೆ ನೀರು ಇನ್ನೂ ಅಲ್ಲೇ ಇದೆ. ಬರೀ ಒಣ ಬಿಸಿ ಗಾಳಿ, ಜೊತೆಗೆ ಸಣ್ಣಗೆ ಚಟಪಟ ಸದ್ದು ಬಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಎಷ್ಟೋ ಸಲ ಕಣ್ಣಿಗಿಂತ ಕಿವಿಯೇ ಇಲ್ಲಿ ಬೇಗ ಹೇಳುತ್ತದೆ. ಹಬೆ ಜಾಸ್ತಿ ಇದ್ದರೆ ಅರ್ಧ ಹೋಳುಗಳನ್ನು ಇನ್ನೊಂದು ಟ್ರೇಗೆ ಎತ್ತಿಬಿಡಿ. ತಳದಲ್ಲಿ ರಸ ನಿಂತಿದ್ದರೆ ಬಗ್ಗಿಸಿ ತೆಗೆಯಿರಿ. ಚೆಲ್ಲಬೇಡಿ, ಡ್ರೆಸ್ಸಿಂಗ್‌ಗೆ ಸೇರಿಸಬಹುದು. ಪದೇ ಪದೇ ಕೈಯಾಡಿಸುವುದೂ ಬೇಡ. ಒಂದು ಮೈ ಟ್ರೇಗೆ ಅಂಟಿ ಕೂತು ಕಂದಾಗಬೇಕು. ಒಟ್ಟು ಹೊತ್ತಿನಲ್ಲಿ ಒಮ್ಮೆ ತಿರುವಿದರೆ ಸಾಕು.

ಎಣ್ಣೆ 700 ಗ್ರಾಂಗೆ ಎರಡು ದೊಡ್ಡ ಚಮಚ. ಕಡಿಮೆಯಾದರೆ ಮೈ ಸುಕ್ಕುಗಟ್ಟಿ ತೊಗಲಾಗುತ್ತದೆ. ಜಾಸ್ತಿಯಾದರೆ ಬದನೆಯಂಥದ್ದು ಎಲ್ಲವನ್ನೂ ಹೀರಿಕೊಂಡು ಜಿಡ್ಡಾಗುತ್ತದೆ.

ಈಗಾಗಲೇ ಮೆತ್ತಗಾಗಿ ಹೋದ ತರಕಾರಿಯನ್ನು ಏನು ಮಾಡುವುದು? ಓವನ್‌ಗೆ ವಾಪಸ್ ಹಾಕಿದರೆ ಬಣ್ಣ ಬರುವ ಮೊದಲು ಕರಗಿ ಹೋಗುವ ಸಾಧ್ಯತೆ ಇದೆ. ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಹಾಕಿ, ಹೋಳುಗಳನ್ನು ಒಂದೇ ಪದರವಾಗಿ ಹರಡಿ ಎರಡು ಮೂರು ನಿಮಿಷ ಮುಟ್ಟದೆ ಬಿಡಿ. ಒಂದು ಮೈಗಾದರೂ ಬಣ್ಣ ಬರುತ್ತದೆ. ಅಷ್ಟಾದರೆ ಸಲಾಡ್‌ಗೆ ಸಾಕು. ಓವನ್ ಇಲ್ಲದವರು ಮೊದಲಿಂದಲೂ ಹೀಗೇ ಮಾಡಬಹುದು, ಸ್ವಲ್ಪ ಸ್ವಲ್ಪವೇ ಹಾಕಿಕೊಂಡು.

ಕೆಲವು ಕರಕಲು, ಕೆಲವು ಹಸಿ

ಒಂದೇ ಟ್ರೇಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿದ್ದರ ಫಲ ಇದು. ಎರಡು ಸೆಂ.ಮೀ. ಹೋಳುಗಳಿಗೆ 210 ಡಿಗ್ರಿಯಲ್ಲಿ ಬೇಕಾಗುವ ಹೊತ್ತು ಹೀಗೆ: ಬೀಟ್‌ರೂಟ್, ಕ್ಯಾರೆಟ್‌ಗೆ 30ರಿಂದ 40 ನಿಮಿಷ, ಗೆಣಸು, ಆಲೂಗಡ್ಡೆಗೆ 25ರಿಂದ 35, ಹೂಕೋಸಿಗೆ 20ರಿಂದ 25, ಕ್ಯಾಪ್ಸಿಕಂ, ಜುಕೀನಿಗೆ 15ರಿಂದ 20. ಗಟ್ಟಿ ಇರುವುದನ್ನು ಮೊದಲು ಹಾಕಿ, ಹದಿನೈದು ನಿಮಿಷ ಬಿಟ್ಟು ಮೆದುವಿರುವುದನ್ನು ಸೇರಿಸಿ. ಅಥವಾ ಗಟ್ಟಿಯದನ್ನು ಸಣ್ಣಗೆ, ಮೆದುವಿನದನ್ನು ದಪ್ಪಗೆ ಹೆಚ್ಚಿ. ಎರಡನೆಯ ದಾರಿ ಸುಲಭ ಅಂತ ಕಾಣುತ್ತದೆ. ಆದರೆ ಕೈ ಅಳತೆ ಪಳಗದವರಿಗೆ ಮೊದಲನೆಯದೇ ವಾಸಿ.

ಈರುಳ್ಳಿಯನ್ನು ತೆಳ್ಳಗೆ ಸೀಳಿದರೆ ಹದಿನೈದು ನಿಮಿಷಕ್ಕೆ ಸೀದುಹೋಗುತ್ತದೆ. ಬುಡ ಬಿಡದೆ ಎಂಟು ಹೋಳು ಮಾಡಿ. ಬೆಳ್ಳುಳ್ಳಿಯನ್ನು ಜಜ್ಜಿ ಹಾಕಬೇಡಿ. ಸಿಪ್ಪೆ ಸಮೇತ ಇಡೀ ಎಸಳು ಹಾಕಿ, ಆಮೇಲೆ ಹಿಚುಕಿ ಡ್ರೆಸ್ಸಿಂಗ್‌ಗೆ ಸೇರಿಸಿ. ಜೇನು ಸವರುವುದಿದ್ದರೆ ಕೊನೆಯ ಐದು ನಿಮಿಷದಲ್ಲಿ. ಅದರಲ್ಲಿರುವ ಫ್ರಕ್ಟೋಸ್ ಮಾಮೂಲಿ ಸಕ್ಕರೆಗಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಕಪ್ಪಾಗತೊಡಗುತ್ತದೆ.

ಇನ್ನೊಂದು ಥರದ ಹಸಿ ಇದೆ. ಹೊತ್ತು ಸಾಕಷ್ಟು ಆಗಿದೆ, ಹೊರಗೆ ಬಣ್ಣವೂ ಚೆನ್ನಾಗಿದೆ, ಕಚ್ಚಿದರೆ ಮಾತ್ರ ಟಕ್ ಅನ್ನುತ್ತದೆ. ಇಲ್ಲಿ ಹುಳಿಯ ಮೇಲೆ ಅನುಮಾನ ಪಡಿ. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹುಳಿ ಇದ್ದರೆ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ನಿಂಬೆರಸ, ವಿನೆಗರ್ ಹಾಕಿ ಕಲಸಿ ಓವನ್‌ಗೆ ಇಟ್ಟ ಕ್ಯಾರೆಟ್ ಗಂಟೆಯಾದರೂ ಗಟ್ಟಿಯಾಗೇ ಇರಬಹುದು. ಹುಳಿ ಏನಿದ್ದರೂ ಟ್ರೇ ಹೊರಗೆ ಬಂದ ಮೇಲೆ.

ತಣ್ಣಗಿನ ಓವನ್‌ಗೆ ಟ್ರೇ ಇಟ್ಟು ಆಮೇಲೆ ಬಿಸಿ ಏರಿಸುವುದೂ ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆಗೆ ಒಳ್ಳೆಯದಲ್ಲ. ಒಳಗಿನ ಬಿಸಿ 55–60 ಡಿಗ್ರಿಯ ಸುತ್ತ ತುಂಬ ಹೊತ್ತು ನಿಂತರೆ ತರಕಾರಿಯದೇ ಒಂದು ಕಿಣ್ವ ಎಚ್ಚರಗೊಂಡು ಪೆಕ್ಟಿನ್ನನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಮೆದುವಾಗಲು ಸತಾಯಿಸುತ್ತದೆ. ಹೀಗಾಗಿರುವ ಹೋಳುಗಳ ಮೇಲೆ ಎರಡು ಚಮಚ ನೀರು ಚಿಮುಕಿಸಿ, ಫಾಯಿಲ್ ಮುಚ್ಚಿ ಹತ್ತು ಹದಿನೈದು ನಿಮಿಷ ಇಟ್ಟು ನೋಡಿ.

ಧಾನ್ಯ ಮುದ್ದೆಯಾಗಿದೆ

ಬಾಯಲ್ಲಿ ಕಾಳು ಕಾಳಾಗಿ ಸಿಗಬೇಕಾದದ್ದು ಅಂಟಂಟಾಗಿ ಒಂದೇ ಗಡ್ಡೆಯಾಗಿದೆ. ನೀರು ಜಾಸ್ತಿಯಾಗಿರಬಹುದು. ನೀರು ಸರಿಯಾಗಿದ್ದೂ ಬೆಂದ ಮೇಲೆ ಅದು ಹೊರಗೆ ಹೋಗಲು ನೀವು ಬಿಟ್ಟಿರಲಿಕ್ಕಿಲ್ಲ. ನನ್ನ ಪ್ರಕಾರ ಎರಡನೆಯದೇ ಹೆಚ್ಚು, ಯಾಕೆಂದರೆ ಅಳತೆಯನ್ನು ಎಲ್ಲರೂ ನೋಡಿಕೊಳ್ಳುತ್ತಾರೆ, ಆಮೇಲಿನ ಹತ್ತು ನಿಮಿಷವನ್ನು ಯಾರೂ ನೋಡುವುದಿಲ್ಲ.

ಅಳತೆ ಹಾಕಿ ನೀರು ಇಂಗಿಸಿ ಬೇಯಿಸುವುದು ಅನ್ನಕ್ಕೆ ಸರಿ. ಸಲಾಡ್‌ಗೆ ಬಾರ್ಲಿ, ಇಡೀ ಗೋಧಿ, ಕೆಂಪಕ್ಕಿಯಂಥವನ್ನು ಬೇಯಿಸುವಾಗ ಧಾರಾಳ ನೀರಿನಲ್ಲಿ ಕುದಿಸಿ ಬಸಿಯುವುದೇ ಮೇಲು. ಒಂದು ಕಪ್ ಧಾನ್ಯಕ್ಕೆ ಆರೇಳು ಕಪ್ ನೀರು. ಕಾಳು ಹೊರಗೆ ಬಿಟ್ಟ ಪಿಷ್ಟವೆಲ್ಲ ಬಸಿದ ನೀರಿನ ಜೊತೆ ಹೋಗುತ್ತದೆ. ಹದ ಬಂದ ಕ್ಷಣ ಇಳಿಸಬಹುದು, ನೀರು ಇಂಗುವುದಕ್ಕೆ ಕಾಯಬೇಕಿಲ್ಲ. ಪಾಲಿಶ್ ಮಾಡಿದ ಬಾರ್ಲಿಗೆ 25ರಿಂದ 35 ನಿಮಿಷ ಬೇಕು, ಇಡೀ ಗೋಧಿಗೆ ರಾತ್ರಿ ನೆನೆಸಿದ್ದರೆ 30–40, ನೆನೆಸದಿದ್ದರೆ ಗಂಟೆಯ ಹತ್ತಿರ. ಕಿನೋವಾ 12–15 ನಿಮಿಷದಲ್ಲಿ ಬೇಯುತ್ತದೆ. ಅದರ ಸುತ್ತ ಬಿಳಿ ಎಳೆ ಬಿಚ್ಚಿಕೊಂಡರೆ ಆಯಿತು. ಹೊತ್ತು ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ಕಾಳು ಕಚ್ಚಿ ನೋಡಲು ಶುರುಮಾಡಿ. ಹಳೆಯ ಧಾನ್ಯ, ಹೊಸ ಧಾನ್ಯ ಒಂದೇ ಹೊತ್ತಿಗೆ ಬೇಯುವುದಿಲ್ಲ.

ಬಸಿದ ಮೇಲಿನ ಕೆಲಸವೇ ಮುಖ್ಯ. ಜರಡಿಯನ್ನು ಚೆನ್ನಾಗಿ ಕೊಡವಿ. ಧಾನ್ಯವನ್ನು ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ, ಒಲೆ ಆರಿಸಿ, ಪಾತ್ರೆಯ ಬಾಯಿಗೆ ಒಣ ಬಟ್ಟೆ ಹಾಸಿ ಅದರ ಮೇಲೆ ಮುಚ್ಚಳ ಇಡಿ. ಹತ್ತು ನಿಮಿಷ. ಏಳುವ ಹಬೆಯನ್ನು ಬಟ್ಟೆ ಹೀರುತ್ತದೆ, ಮುಚ್ಚಳದಿಂದ ಹನಿ ತೊಟ್ಟಿಕ್ಕುವುದಿಲ್ಲ. ಆಮೇಲೆ ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಮುಳ್ಳುಚಮಚದಿಂದ ಬಿಡಿಸಿ. ಐದು ನಿಮಿಷದಲ್ಲಿ ಕಾಳಿನ ಮೈ ಒಣಗಿ ಹೊಳಪು ಮಾಸುತ್ತದೆ. ಆ ಹಂತ ಬಂದರೆ ಅಂಟುವುದಿಲ್ಲ, ಡ್ರೆಸ್ಸಿಂಗನ್ನೂ ಚೆನ್ನಾಗಿ ಹೀರುತ್ತದೆ. ಹೊರಗೆ ನೀರು ತುಂಬಿಕೊಂಡಿರುವ ಕಾಳಿಗೆ ಡ್ರೆಸ್ಸಿಂಗ್ ಹಾಕಿದರೆ ಅದು ಜಾರಿ ತಳ ಸೇರುತ್ತದೆ.

ಬಾರ್ಲಿಯ ಅಂಟಿಗೆ ಇನ್ನೊಂದು ಕಾರಣ ಅದರಲ್ಲಿರುವ ಬೀಟಾ ಗ್ಲೂಕನ್ ಅನ್ನುವ ನಾರು. ಸೂಪಿಗೆ ಇದು ವರ, ಸಲಾಡ್‌ಗೆ ಕಾಟ. ಬೇಯಿಸುವ ಮೊದಲು ತೊಳೆಯಿರಿ. ಬೆಂದ ಮೇಲೂ ಅಂಟು ಬಿಡದಿದ್ದರೆ ಬಿಸಿನೀರು ಸುರಿದು ಒಮ್ಮೆ ಜಾಲಿಸಿ ಬಸಿಯಿರಿ. ತಣ್ಣೀರು ಬೇಡ, ನಮಗೆ ಬೇಕಿರುವುದು ಬೆಚ್ಚಗಿನ ಸಲಾಡ್.

ಈಗಾಗಲೇ ಮುದ್ದೆಯಾಗಿದ್ದರೆ ಎಣ್ಣೆ ಸವರಿದ ಟ್ರೇ ಮೇಲೆ ಹರಡಿ, 180 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ. ಪೂರ್ತಿ ಉದುರುದುರಾಗದಿದ್ದರೂ ಅಲ್ಲಲ್ಲಿ ಗರಿಗರಿ ಬಂದು ತಿನ್ನಲು ಅಡ್ಡಿಯಿಲ್ಲ. ಸಿಪ್ಪೆ ಒಡೆದು ಗಂಜಿಯಂತಾಗಿದ್ದರೆ ಮಾತ್ರ ಸಲಾಡ್ ಆಸೆ ಬಿಡಿ. ಅದೇ ತರಕಾರಿ ಹಾಕಿ ಸೂಪ್ ಮಾಡಿ.

ಕಾಳು ಗಟ್ಟಿಯಾಗಿದೆ

ಬೆಂದಿಲ್ಲ, ಅಷ್ಟೇ. ಇಲ್ಲವೇ ಬೇಯಿಸುವ ನೀರಿಗೆ ಟೊಮೇಟೊ, ನಿಂಬೆ ಬಿದ್ದಿದೆ. ಹುಳಿ ಇಲ್ಲೂ ಅಡ್ಡಗಾಲು. ಸಿಪ್ಪೆ ಇರುವ ಇಡೀ ಧಾನ್ಯವನ್ನು ನೆನೆಸಿ ಬೇಯಿಸಿ. ಕಲಸಿದ ಮೇಲೆ ಗೊತ್ತಾದರೆ ತರಕಾರಿ ಆರಿಸಿ ಪಕ್ಕಕ್ಕಿಟ್ಟು, ಧಾನ್ಯಕ್ಕೆ ಅರ್ಧ ಕಪ್ ಬಿಸಿನೀರು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಆದರೆ ಡ್ರೆಸ್ಸಿಂಗ್ ಬಿದ್ದಾಗಿದ್ದರೆ ಅದರ ಹುಳಿಯಿಂದಾಗಿ ಇನ್ನೂ ನಿಧಾನವಾಗುತ್ತದೆ.

ಎಲ್ಲ ಸರಿ, ಆದರೂ ಸಪ್ಪೆ

ಕಾಳು ಹದವಾಗಿದೆ. ತರಕಾರಿಗೆ ಬಣ್ಣ ಬಂದಿದೆ. ತಿಂದರೆ ಏನೂ ಅನ್ನಿಸುವುದಿಲ್ಲ. ಹೆಚ್ಚಿನವರು ಇಲ್ಲಿ ಮೇಲಿನಿಂದ ಉಪ್ಪು ಉದುರಿಸುತ್ತಾರೆ. ಆಗ ನಾಲಿಗೆಗೆ ಮೊದಲು ಉಪ್ಪು ಹತ್ತುತ್ತದೆ, ಅಗಿಯುತ್ತಾ ಹೋದರೆ ಒಳಗಿಂದ ಮತ್ತೆ ಸಪ್ಪೆ. ಹಾಗೆ ಆಗುತ್ತಿದ್ದರೆ ಧಾನ್ಯ ಬೇಯಿಸಿದ ನೀರಿಗೆ ಉಪ್ಪು ಹಾಕಿಲ್ಲ ಅಂತ ಖಂಡಿತ ಹೇಳಬಹುದು. ಕಾಳು ನೀರು ಕುಡಿದು ಉಬ್ಬುವಾಗಲೇ ಉಪ್ಪು ಒಳಗೆ ಹೋಗಬೇಕು. ಬೆಂದ ಮೇಲೆ ಹಾಕಿದ ಉಪ್ಪು ಅಷ್ಟು ಒಳಗೆ ಇಳಿಯುವುದಿಲ್ಲ. ಬಸಿಯುವ ವಿಧಾನಕ್ಕೆ ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು. ಜಾಸ್ತಿ ಅನ್ನಿಸಬಹುದು, ಹೆಚ್ಚಿನದು ಬಸಿದು ಹೋಗುತ್ತದೆ. ಇಂಗಿಸುವ ವಿಧಾನಕ್ಕೆ ಒಂದು ಕಪ್ ಧಾನ್ಯಕ್ಕೆ ಅರ್ಧ ಟೀ ಚಮಚ ಸಾಕು.

ಡ್ರೆಸ್ಸಿಂಗ್ ಹಾಕಿದ ಹೊತ್ತೂ ಸಪ್ಪೆಗೆ ಕಾರಣವಾಗುತ್ತದೆ. ಧಾನ್ಯ ಬಿಸಿಯಿದ್ದಾಗ ಹೀರುತ್ತದೆ. ತಣ್ಣಗಾದ ಮೇಲೆ ಮೈಗೆ ಸವರಿಕೊಂಡು ನಿಲ್ಲುತ್ತದೆ. ಹಾಗಾಗಿ ಅರ್ಧ ಡ್ರೆಸ್ಸಿಂಗನ್ನು ಹಬೆಯಾಡುವ ಧಾನ್ಯಕ್ಕೆ ಕಲಸಿ, ಹತ್ತು ನಿಮಿಷ ಬಿಡಿ. ಉಳಿದ ಅರ್ಧವನ್ನು ತರಕಾರಿ ಸೇರಿಸಿದ ಮೇಲೆ, ಬಡಿಸುವ ಮುಂಚೆ ಹಾಕಿ. ಒಂದೇ ಸಲ ಎಲ್ಲ ಸುರಿದರೆ ಆಗ ರುಚಿ ಸರಿಯಾಗೇ ಇರುತ್ತದೆ. ಇಪ್ಪತ್ತು ನಿಮಿಷದಲ್ಲಿ ಧಾನ್ಯ ಎಲ್ಲವನ್ನೂ ಕುಡಿದುಬಿಡುತ್ತದೆ.

ಅಳತೆಯ ಬಗ್ಗೆ ಒಂದು ತಕರಾರು. ಸೊಪ್ಪಿನ ಸಲಾಡ್‌ಗೆ ಹೇಳುವ ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ ಅನ್ನುವ ಲೆಕ್ಕವನ್ನು ಹಾಗೇ ಇಲ್ಲಿಗೆ ತರಬೇಡಿ. ಪಿಷ್ಟ ಹುಳಿಯನ್ನು ಮಂಕು ಮಾಡುತ್ತದೆ, ರೋಸ್ಟ್ ಆದ ತರಕಾರಿಯಲ್ಲಿ ಎಣ್ಣೆ ಮತ್ತು ಸಿಹಿ ಮೊದಲೇ ಇದೆ. ಎರಡಕ್ಕೆ ಒಂದು ಸರಿಹೊಂದುತ್ತದೆ. ಮೂರು ಕಪ್ ಬೆಂದ ಧಾನ್ಯ, ಒಂದು ಟ್ರೇ ತರಕಾರಿಗೆ ನಾಲ್ಕು ದೊಡ್ಡ ಚಮಚ ಎಣ್ಣೆ, ಎರಡು ದೊಡ್ಡ ಚಮಚ ನಿಂಬೆರಸ ಅಥವಾ ವಿನೆಗರ್, ಒಂದು ಟೀ ಚಮಚ ಸಾಸಿವೆ ಪೇಸ್ಟ್, ಅರ್ಧ ಟೀ ಚಮಚ ಉಪ್ಪು. ಸಾಸಿವೆ ಬರೀ ಖಾರಕ್ಕಲ್ಲ. ಎಣ್ಣೆ ಮತ್ತು ಹುಳಿ ಬೇರೆಯಾಗದಂತೆ ಹಿಡಿದಿಡುವುದು ಅದೇ.

ಉಪ್ಪು ಹುಳಿ ಎರಡೂ ಸಾಕಷ್ಟಿದ್ದು ಇನ್ನೂ ಏನೋ ಕಡಿಮೆ ಅನ್ನಿಸಿದರೆ ಅದು ಕಚ್ಚುವಾಗಿನ ಬೇಸರ ಇರಬಹುದು. ಎಲ್ಲವೂ ಮೆದು. ಹುರಿದ ಬಾದಾಮಿ, ಕುಂಬಳಬೀಜ, ಹಸಿ ಈರುಳ್ಳಿ, ಒಂದಿಷ್ಟು ಉಪ್ಪಿನ ಫೆಟಾ ಚೀಸ್, ಇವುಗಳಲ್ಲಿ ಒಂದೆರಡು ಸೇರಿಸಿ. ಎಲ್ಲವನ್ನೂ ಸೇರಿಸಬೇಡಿ.

ತಟ್ಟೆಯ ತಳದಲ್ಲಿ ನೀರು

ಮುಂಚೆ ಹೇಳಿದ ಎರಡು ತಪ್ಪು ಇಲ್ಲಿ ಸೇರಿಕೊಂಡಿರುತ್ತವೆ: ಬಸಿಯದ ಧಾನ್ಯ, ಒಣಗದ ತರಕಾರಿ. ಯಾವುದು ಅಂತ ತಿಳಿಯಲು ಆ ನೀರಿನ ಬಣ್ಣ ನೋಡಿ. ಬೆಳ್ಳಗೆ ಮಸುಕಾಗಿದ್ದರೆ ಧಾನ್ಯದ್ದು. ತಿಳಿಯಾಗಿದ್ದು ತರಕಾರಿಯ ಬಣ್ಣವಿದ್ದರೆ ತರಕಾರಿಯದ್ದು. ಎರಡೂ ಅಲ್ಲದೆ ಎಣ್ಣೆ ಕಣ್ಣುಗಳು ತೇಲುತ್ತಿದ್ದರೆ ಡ್ರೆಸ್ಸಿಂಗ್ ಒಡೆದಿದೆ. ಹಸಿ ಟೊಮೇಟೊ, ಸೌತೆಕಾಯಿ ಹಾಕಿದ್ದರೆ ಅವನ್ನೇ ಹಿಡಿಯಿರಿ. ಉಪ್ಪು ತಾಗಿದ ಹತ್ತು ನಿಮಿಷಕ್ಕೆ ಅವು ನೀರು ಬಿಡುತ್ತವೆ.

ರೋಸ್ಟ್ ಆದ ತರಕಾರಿಯನ್ನು ಬಿಸಿಯಿದ್ದಾಗಲೇ ಆಳವಾದ ಪಾತ್ರೆಗೆ ತುಂಬಿ ಮುಚ್ಚಿಡುವುದೂ ಬೇಡ. ಅದರ ಹಬೆಯೇ ಇಳಿದು ಗರಿಗರಿಯನ್ನೆಲ್ಲ ಕೆಡಿಸುತ್ತದೆ. ಟ್ರೇಯಲ್ಲೇ ಬಿಡಿ.

ಕಹಿ ಎಲ್ಲಿಂದ ಬಂತು?

ಕಿನೋವಾ ಇದ್ದರೆ ಮೊದಲು ಅದನ್ನು ತಿಂದು ನೋಡಿ. ಅದರ ಹೊರಮೈಯಲ್ಲಿ ಸಪೋನಿನ್ ಅನ್ನುವ ಕಹಿ ವಸ್ತುವಿದೆ. ನೀರಿನಲ್ಲಿ ಉಜ್ಜಿದರೆ ನೊರೆ ಬರುತ್ತದೆ. ನೊರೆ ನಿಲ್ಲುವ ತನಕ ತೊಳೆಯಬೇಕು. ಆಮೇಲೆ ಕಪ್ಪಾದ ಬೆಳ್ಳುಳ್ಳಿ ಚೂರು, ಸೀದ ಈರುಳ್ಳಿ ಎಳೆ ಹುಡುಕಿ. ಎರಡು ಚೂರು ಸಾಕು, ಇಡೀ ಬೋಗುಣಿಗೆ ಕಹಿ ಹರಡಲು. ಬೀಜ ಸಮೇತ ಅರೆದ ನಿಂಬೆ, ಮಿಕ್ಸಿಯಲ್ಲಿ ಜೋರಾಗಿ ತಿರುವಿದ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯೂ ಕಹಿ ಬಿಡುತ್ತವೆ. ಆ ಎಣ್ಣೆಯನ್ನು ಚಮಚದಲ್ಲೇ ಕಲಸಿ.

ಕಹಿಯ ಜೊತೆ ಕಮಟು ವಾಸನೆ ಬಂದರೆ ಅದು ಅಕ್ರೋಟ್ ಅಥವಾ ಹಳೆಯ ಧಾನ್ಯ. ಇಡೀ ಧಾನ್ಯದ ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೆಚ್ಚಗಿನ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ. ಇದನ್ನು ಯಾವ ಡ್ರೆಸ್ಸಿಂಗೂ ಮುಚ್ಚಲಾರದು.

ಒಂದು ಕಹಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಜುಕೀನಿ, ಕುಂಬಳ, ಸೌತೆ ಜಾತಿಯ ಕಾಯಿ ವಿಪರೀತ ಕಹಿಯಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಸೇರಿಕೊಂಡಿದೆ. ಅದು ವಾಂತಿ, ಭೇದಿ ತರುವ ವಿಷ. ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚುವಾಗಲೇ ಒಂದು ಚೂರು ನಾಲಿಗೆಗೆ ತಾಗಿಸಿ, ಕಹಿಯಿದ್ದರೆ ಉಗುಳಿ ಇಡೀ ಕಾಯಿ ಎಸೆಯಿರಿ. ಸಲಾಡ್‌ಗೆ ಸೇರಿಹೋಗಿದ್ದರೆ ಸಲಾಡನ್ನೂ.

ಬಣ್ಣ ಕೆಟ್ಟಿದೆ, ಸೊಪ್ಪು ಬಾಡಿದೆ

ಬೀಟ್‌ರೂಟ್ ಎಲ್ಲವನ್ನೂ ಗುಲಾಬಿ ಮಾಡಿದ್ದರೆ ಈಗ ಮಾಡಲು ಏನೂ ಇಲ್ಲ, ರುಚಿಗೇನೂ ತೊಂದರೆಯಿಲ್ಲ. ಮುಂದಿನ ಸಲ ಅದನ್ನು ಬೇರೆ ಟ್ರೇಯಲ್ಲಿ ಮಾಡಿ, ಎಣ್ಣೆ ಸವರಿ, ಕೊನೆಗೆ ಮೇಲಿಂದ ಇಡಿ, ಕಲಸಬೇಡಿ. ಹಸಿರು ತರಕಾರಿ, ಸೊಪ್ಪು ಮಂಕಾಗಿ ಕಂದು ಹಸಿರಿಗೆ ತಿರುಗುವುದು ಹುಳಿ ಮತ್ತು ಬಿಸಿ ಸೇರಿದಾಗ. ಎಲೆ ಹಸಿರಿನ ನಡುವಿರುವ ಮೆಗ್ನೀಸಿಯಂ ಕಳಚಿಕೊಂಡು ಹೋಗುತ್ತದೆ. ಕೊತ್ತಂಬರಿ, ಪುದೀನ, ಪಾರ್ಸ್ಲಿ ಇವೆಲ್ಲ ತಟ್ಟೆಗೆ ಬಡಿಸುವ ಹೊತ್ತಿಗೆ. ಪಾಲಕ್ ಮಾತ್ರ ಬಿಸಿಗೆ ಸ್ವಲ್ಪ ಬಾಡಿದರೇ ಚೆನ್ನ.

ಬಡಿಸುವ ಹೊತ್ತಿಗೆ ತಣ್ಣಗಾಗಿದೆ

ಅಡುಗೆ ಶುರು ಮಾಡಿದ ಕ್ರಮ ತಪ್ಪಿದೆ. ಬಾರ್ಲಿಗೂ ಗಟ್ಟಿ ತರಕಾರಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ಬೇಕು, ಅವನ್ನು ಒಟ್ಟಿಗೆ ಶುರು ಮಾಡಿ. ಕಿನೋವಾ ಆದರೆ ತರಕಾರಿ ಅರ್ಧ ಆದ ಮೇಲೆ ಒಲೆಗೇರಿಸಿ. ಡ್ರೆಸ್ಸಿಂಗ್ ಎಲ್ಲಕ್ಕಿಂತ ಮೊದಲು ಮಾಡಿಟ್ಟಿರಿ, ಫ್ರಿಜ್ಜಿನಲ್ಲಿ ಇಡಬೇಡಿ. ಬೋಗುಣಿಗೆ ಬಿಸಿನೀರು ಸುರಿದು, ಒಂದು ನಿಮಿಷ ಬಿಟ್ಟು, ಚೆಲ್ಲಿ ಒರೆಸಿ. ದಪ್ಪ ಪಿಂಗಾಣಿ ಬೋಗುಣಿ ತಣ್ಣಗಿದ್ದರೆ ಅದೇ ಅರ್ಧ ಬಿಸಿ ಕುಡಿದುಬಿಡುತ್ತದೆ. ಫೆಟಾ, ಸೊಪ್ಪು ಕೂಡ ಫ್ರಿಜ್ಜಿನಿಂದ ಸ್ವಲ್ಪ ಮೊದಲೇ ಹೊರಗಿರಲಿ.

ಮರುದಿನ ಕಲ್ಲಿನಂತೆ ಗಟ್ಟಿ

ಫ್ರಿಜ್ಜಿನಲ್ಲಿಟ್ಟ ಧಾನ್ಯ ಗಟ್ಟಿಯಾಗುವುದು ಒಣಗಿದ್ದಕ್ಕಲ್ಲ. ಬೆಂದು ಸಡಿಲವಾಗಿದ್ದ ಪಿಷ್ಟ ತಣ್ಣಗಾದಾಗ ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ. ನೀರು ಮಂಜಾಗುವ ಮಟ್ಟಕ್ಕೆ ಸ್ವಲ್ಪ ಮೇಲೆ, ಅಂದರೆ ಸರಿಯಾಗಿ ಫ್ರಿಜ್ಜಿನ ತಂಪಿನಲ್ಲಿ, ಇದು ಅತಿ ಬೇಗ ಆಗುತ್ತದೆ. ಎಣ್ಣೆ ಸುರಿದರೆ ಮೆದುವಾಗದು. ಒಂದು ಕಪ್ ಧಾನ್ಯಕ್ಕೆ ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಹಬೆಯಾಡುವ ತನಕ ಬಿಸಿ ಮಾಡಿ. ಪಿಷ್ಟ ಮತ್ತೆ ಸಡಿಲವಾಗುತ್ತದೆ.

ಹಾಗಂತ ಫ್ರಿಜ್ಜೇ ಬೇಡ, ಹೊರಗೇ ಇಡೋಣ ಅನ್ನುವ ಹಾಗಿಲ್ಲ. ಬೆಂದ ಧಾನ್ಯದಲ್ಲಿ ಬೆಸಿಲ್ಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿದಿರಬಹುದು. ಬೆಚ್ಚಗಿನ ಜಾಗದಲ್ಲಿ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಎರಡು ಗಂಟೆಯೊಳಗೆ, ಸೆಕೆ 32 ಡಿಗ್ರಿಗಿಂತ ಹೆಚ್ಚಿದ್ದರೆ ಒಂದೇ ಗಂಟೆಯೊಳಗೆ, ಫ್ರಿಜ್ಜಿಗೆ ಸೇರಿಸಿ. ಆಳದ ಡಬ್ಬಿಯಲ್ಲಿ ನಡುವಿನ ಭಾಗ ತಣಿಯಲು ತುಂಬ ಹೊತ್ತು ಹಿಡಿಯುತ್ತದೆ, ಅಗಲವಾದ ಡಬ್ಬಿಯಲ್ಲಿ ತೆಳ್ಳಗೆ ಹರಡಿಡಿ. ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ.

ಮರುದಿನಕ್ಕೆ ಅಂತಲೇ ಮಾಡುತ್ತಿದ್ದರೆ ಧಾನ್ಯ, ತರಕಾರಿ, ಡ್ರೆಸ್ಸಿಂಗ್ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಧಾನ್ಯಕ್ಕೆ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿ, ತರಕಾರಿಯನ್ನು ಒಣ ಬಾಣಲೆಯಲ್ಲಿ ಮುಚ್ಚದೆ ಬಿಸಿ ಮಾಡಿ. ಆಲಿವ್ ಎಣ್ಣೆಯ ಡ್ರೆಸ್ಸಿಂಗ್‌ನಲ್ಲಿ ಬಿಳಿ ಗಂಟುಗಳು ಕಂಡರೆ ಕೆಟ್ಟಿದೆ ಅಂತ ಎಸೆಯಬೇಡಿ. ತಂಪಿಗೆ ಎಣ್ಣೆ ಹೆಪ್ಪುಗಟ್ಟಿದೆ ಅಷ್ಟೇ. ಕಾಲು ಗಂಟೆ ಹೊರಗಿಟ್ಟು ಬಾಟಲಿ ಅಲುಗಾಡಿಸಿದರೆ ಸರಿಹೋಗುತ್ತದೆ.